ಪುಳ್ಳಲೂರಿನ ಎರಡು ಸ್ತಂಭಗಳು

ಕಾಂಚೀಪುರದಿಂದ ಪುಳ್ಳಲೂರಿಗೆ ಸೈಕಲ್ಲಿನಲ್ಲಿ ಹೋದೆ; ನನ್ನ ವಯಸ್ಸಿನವರಿಗೂ ಸಲ್ಲುವ ಸಮತಟ್ಟಾದ ದಾರಿ. 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೈಲಿಯ ಪಡೆಯನ್ನು ನುಚ್ಚುನೂರು ಮಾಡಿದ್ದು ಇಲ್ಲಿಯೇ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಭಿತ್ತಿಚಿತ್ರದಲ್ಲಿರುವುದು ಈ ಕಾಳಗವೇ. ಊರಿನಲ್ಲಿ ನಿಂತಿರುವ ಎರಡು ಸ್ತಂಭಗಳಾದರೋ, 1781ರ ಆಗಸ್ಟ್ 27ರ ಎರಡನೆಯ ಯುದ್ಧದಲ್ಲಿ ಮಡಿದ ಇಬ್ಬರು ಆಂಗ್ಲ ಅಧಿಕಾರಿಗಳವು. ಅವು ಇರಲಿ, ಸತ್ತವರೊಡನೆ ನನಗೇನು ಜಗಳ? ಆದರೆ ತುರುಗಳನ್ನು ಬಿಡಿಸಲು ಹೋಗಿ ಮಡಿದವನಿಗೂ ವೀರಗಲ್ಲು ನೆಟ್ಟ ನಾಡಿನಿಂದ ಬಂದು ಇಲ್ಲಿ ಮಣ್ಣಾದ ಸಿಪಾಯಿಗಳಿಗಾಗಿ ನಾನು ಒಂದು ಕಲ್ಲನ್ನೂ ಕಾಣಲಿಲ್ಲ. ಕಂಪನಿಯ ಪರ ಸತ್ತ ಈ ನೆಲದ ಸಿಪಾಯಿಗಳಿಗೂ ಕಾಣಲಿಲ್ಲ. ರಾಜ್ಯೋತ್ಸವಕ್ಕೆ ಶಾಮಿಯಾನ ಹಾಕಿಸುವ ನಮ್ಮ ಸಂಘಗಳು, ಗ್ರಾಮಸ್ಥರ ಒಪ್ಪಿಗೆ ಪಡೆದು, ಕನ್ನಡ ತಮಿಳುಗಳೆರಡರಲ್ಲೂ ಬರೆಸಿದ ಒಂದು ಕಲ್ಲನ್ನು ನೆಡಿಸಲಾರವೆ? ಟಿಪ್ಪುವಿನ ಹೆಸರೆತ್ತಿದರೆ ವಿವಾದವಾದೀತೆಂಬ ಅಂಜಿಕೆಯನ್ನು ಬಲ್ಲೆ. ಅರಸರ ಹೆಸರೇ ಬೇಡ. ಎರಡೂ ಕಡೆಯ ಸಿಪಾಯಿಗಳಿಗೆ, ಎಂದಷ್ಟೇ ಬರೆಸೋಣ.