ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ?

2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸಿಡಿದದ್ದನ್ನು ಕರಾವಳಿಯವರು ಮರೆತಿರಲಾರರು. ಆರೋಪಿ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯವನು. ಅವನ ಬಳಿಯಿದ್ದ ಆಧಾರ್ ಬೇರೊಬ್ಬರದು, ಸಿಮ್ ತಮಿಳುನಾಡಿನ ಶಿಕ್ಷಕರೊಬ್ಬರ ದಾಖಲೆಯಲ್ಲಿ ಪಡೆದದ್ದು ಎಂದು ತನಿಖೆಯ ವೇಳೆ ವರದಿಯಾಯಿತು. ಸಿಮ್‌ಗೆ ಗುರುತಿನ ದಾಖಲೆ ಕಡ್ಡಾಯವಾಗಿರುವುದೇ ಇಂಥ ಕೃತ್ಯ ತಡೆಯಲು. ಆದರೆ ಮೊದಲು ಪೊಲೀಸರಿಗೆ ಉತ್ತರ ಹೇಳಬೇಕಾಗಿ ಬಂದದ್ದು ಏನೂ ಅರಿಯದವರಿಗೆ.

2017ರ ಮಾರ್ಚ್‌ನಲ್ಲಿ ದೂರಸಂಪರ್ಕ ಇಲಾಖೆ ಎಲ್ಲ ಮೊಬೈಲ್ ಸಂಖ್ಯೆಗಳನ್ನು ಆಧಾರ್ ಮೂಲಕ ಮರುಪರಿಶೀಲಿಸಲು ಆದೇಶಿಸಿತು. ಶಿವಮೊಗ್ಗ, ಭದ್ರಾವತಿಯ ಮೊಬೈಲ್ ಅಂಗಡಿಗಳಲ್ಲೂ ಜನ ಹೆಬ್ಬೆಟ್ಟು ಒತ್ತಿದರು. ಕಾರ್ಖಾನೆಯಲ್ಲಿ ದುಡಿದು ಬೆರಳು ಸವೆದ ಹಿರಿಯರ ಗೆರೆಗಳನ್ನು ಯಂತ್ರ ಗುರುತಿಸಬೇಕಲ್ಲ! ಅದೇ ವರ್ಷದ ಡಿಸೆಂಬರ್‌ನಲ್ಲಿ, ಹೀಗೆ ಬೆರಳೊತ್ತಿದ ಗ್ರಾಹಕರಿಗೆ ತಿಳಿಯದಂತೆ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದ ದೂರಿನ ಮೇಲೆ ಆಧಾರ್ ಪ್ರಾಧಿಕಾರವು ಏರ್‌ಟೆಲ್‌ನ ಪರಿಶೀಲನಾ ಪರವಾನಗಿಯನ್ನು ತಾತ್ಕಾಲಿಕವಾಗಿ ಅಮಾನತುಗೊಳಿಸಿತು. ಹಲವರ ಅಡುಗೆ ಅನಿಲದ ಸಬ್ಸಿಡಿ ಆ ಖಾತೆಗಳಿಗೇ ಹೋಗಿತ್ತು. ಒಂದು ಕೆಲಸಕ್ಕೆಂದು ಕೊಟ್ಟ ಗುರುತು ಮತ್ತೊಂದಕ್ಕೆ ಬಳಕೆಯಾಯಿತು ಎಂಬುದೇ ಇಲ್ಲಿನ ಪ್ರಶ್ನೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ಸೆಪ್ಟೆಂಬರ್ 26ರಂದು ಮೊಬೈಲ್‌ಗೆ ಆಧಾರ್ ಜೋಡಣೆಯ ಆದೇಶವನ್ನು ರದ್ದುಗೊಳಿಸಿತು. ಆದರೂ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಬಯೋಮೆಟ್ರಿಕ್ ಗುರುತಿನ ಅಂಶ ಮರಳಿ ಬಂದಿದೆ. 'ಸಂಚಾರ್ ಸಾಥಿ' ಆ್ಯಪ್ ಎಲ್ಲ ಹೊಸ ಫೋನ್‌ಗಳಲ್ಲಿ ಮೊದಲೇ ಇರಬೇಕೆಂಬ ಆದೇಶವನ್ನು ಮಾತ್ರ ತೀವ್ರ ವಿರೋಧದಿಂದಾಗಿ 2025ರ ಡಿಸೆಂಬರ್‌ನಲ್ಲಿ ಸರಕಾರವೇ ಹಿಂಪಡೆಯಿತು.

ಆ್ಯಪ್ ಬೇಡವೆಂದರೂ ಸಂಚಾರ್ ಸಾಥಿ ಜಾಲತಾಣ ಉಪಯುಕ್ತವೇ. ನಿಮ್ಮ ಹೆಸರಿನಲ್ಲಿ ಎಷ್ಟು ಸಂಖ್ಯೆಗಳಿವೆ ಎಂದು ಅಲ್ಲಿ ನೋಡಬಹುದು, ನಿಮ್ಮದಲ್ಲದ್ದನ್ನು ದೂರಬಹುದು. ನಮ್ಮಲ್ಲಿ ಒಬ್ಬರ ಹೆಸರಿಗೆ ಗರಿಷ್ಠ 9 ಸಿಮ್. ಯುವಸಂಘಟನೆಯ ಮಕ್ಕಳು ಒಂದು ಭಾನುವಾರ ಬಲಿಪೂಜೆಯ ನಂತರ ಹಿರಿಯರಿಗೆ ಇದನ್ನು ತೋರಿಸಿಕೊಡಲಿ.

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮ ಚರ್ಚ್ ಕಚೇರಿಯನ್ನೂ ನೋಡೋಣ. ಕುಟುಂಬಗಳ ಹೆಸರು, ವಿಳಾಸ, ಮೊಬೈಲ್ ಸಂಖ್ಯೆಗಳ ಪಟ್ಟಿ ಎಷ್ಟು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ? ಶಿಬಿರಕ್ಕೋ ಸಹಾಯಧನಕ್ಕೋ ಪಡೆದ ಆಧಾರ್ ಪ್ರತಿಗಳು ಯಾವ ಕಪಾಟಿನಲ್ಲಿವೆ, ಅದರ ಬೀಗದ ಕೈ ಯಾರ ಬಳಿ? ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಇದನ್ನು ಕೇಳಿ. ಕೆಲಸ ಮುಗಿದ ಪ್ರತಿಗಳನ್ನು ರದ್ದಿಗೆ ಹಾಕದೆ ಸುಟ್ಟುಬಿಡಿ.