ಕೊತ್ತಂಬರಿ ಸೊಪ್ಪಿನ ಲೆಕ್ಕ ಬೇಡ, ದೊಡ್ಡ ಲೆಕ್ಕ ಬರೆಯುವ

ಮನೆಖರ್ಚಿನ ಲೆಕ್ಕ ಇಡಿ ಎಂದು ಹೇಳಿದರೆ ನಮಗೆ ಎರಡು ರೀತಿಯ ಉತ್ತರ ಸಿಗುತ್ತದೆ. ಒಂದು, ‘ಬರುವುದೇ ಸ್ವಲ್ಪ, ಅದಕ್ಕೆ ಎಂಥ ಲೆಕ್ಕ ಉಸ್ತಾದ್?’ ಇನ್ನೊಂದು, ‘ಬರೆಯಲಿಕ್ಕೆ ಶುರು ಮಾಡಿದ್ದೆವು, ಹತ್ತು ದಿನಕ್ಕೆ ನಿಂತಿತು.’ ಎರಡನೆಯವರ ತಪ್ಪೇನೂ ಇಲ್ಲ. ಬಂಗುಡೆಗೆ ಇಷ್ಟು, ಕೊತ್ತಂಬರಿ ಸೊಪ್ಪಿಗೆ ಇಷ್ಟು, ಆಟೋಕ್ಕೆ ಇಷ್ಟು ಎಂದು ದಿನಾ ಬರೆಯುತ್ತಾ ಕೂತರೆ ಯಾರಿಗಾದರೂ ಬೇಸರ ಬರುತ್ತದೆ. ಈಗ ಮೊಬೈಲಿನಲ್ಲಿ ಆಪ್ ಕೂಡ ಉಂಟು, ಅದರೊಳಗೆ ಇಪ್ಪತ್ತು ವಿಭಾಗ, ಬಣ್ಣಬಣ್ಣದ ಚಕ್ರ. ನೋಡಲಿಕ್ಕೆ ಚಂದ. ಮೂರನೇ ವಾರಕ್ಕೆ ಅದನ್ನು ತೆರೆಯುವವರು ಯಾರೂ ಇಲ್ಲ.

ನಾವು ಕಂಡ ಹಾಗೆ, ನಮ್ಮ ಸಮುದಾಯದ ಮನೆಗಳು ಮೀನು, ಸೊಪ್ಪಿನ ಖರ್ಚಿನಿಂದ ಮುಳುಗಿದ್ದಲ್ಲ. ಹತ್ತು ರೂಪಾಯಿಗೆ ಚೌಕಾಸಿ ಮಾಡುವ ಮನೆಯಲ್ಲೇ ಹತ್ತು ಲಕ್ಷದ ನಿರ್ಧಾರ ಒಂದು ಸಂಜೆಯ ಚಹಾದ ಜೊತೆ ಆಗಿಹೋಗುತ್ತದೆ. ಮನೆಗೆ ಎರಡನೇ ಮಾಳಿಗೆ, ಕಾರು, ಮಗಳ ಮದುವೆಯ ಹಾಲ್. ಹೀಗೆ ಸಣ್ಣದರಲ್ಲಿ ಬಿಗಿ, ದೊಡ್ಡದರಲ್ಲಿ ಸಡಿಲ. ಆದ್ದರಿಂದ ಸಣ್ಣ ಲೆಕ್ಕವನ್ನು ಬಿಟ್ಟುಬಿಡಿ ಎಂದೇ ನಾವು ಹೇಳುತ್ತೇವೆ. ದೊಡ್ಡದನ್ನು ಮಾತ್ರ ಬರೆಯುವ. ಅದಕ್ಕೆ ಮಕ್ಕಳ ನೋಟುಪುಸ್ತಕದ ಒಂದು ಹಾಳೆ ಸಾಕು.

ಮೊದಲು ಬರೆಯಬೇಕಾದದ್ದು ವರ್ಷಕ್ಕೊಮ್ಮೆ ಬರುವ ಖರ್ಚು. ತಿಂಗಳ ಸಾಮಾನು ಎಲ್ಲರಿಗೂ ನೆನಪಿರುತ್ತದೆ, ವರ್ಷದ್ದು ಮರೆತುಹೋಗುತ್ತದೆ. ಒಂದು ಮನೆಯ ಉದಾಹರಣೆ ಇಟ್ಟುಕೊಳ್ಳಿ: ಇಬ್ಬರು ಮಕ್ಕಳ ಶಾಲೆಯ ಫೀಸು, ಪುಸ್ತಕ, ಯೂನಿಫಾರ್ಮ್ 36,000 ರೂಪಾಯಿ. ಎರಡು ಪೆರ್ನಾಳಿಗೆ 20,000. ಬೈಕಿನ ವಿಮೆ ಮತ್ತು ರಿಪೇರಿ 4,000. ಮಳೆಗಾಲಕ್ಕೆ ಮೊದಲು ಮಾಡು ಸರಿಮಾಡಲು 6,000. ಸಂಬಂಧಿಕರ ಮದುವೆಗಳಿಗೆ ಕೊಡುವುದು 6,000. ಒಟ್ಟು 72,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 6,000. ಅಂದರೆ 30,000 ಸಂಪಾದಿಸುವ ಮನೆಯಲ್ಲಿ ಖರ್ಚಿಗೆ ಸಿಗುವುದು ನಿಜವಾಗಿ 24,000. ಇದು ಗೊತ್ತಿಲ್ಲದೆ 30,000ವನ್ನೂ ಖರ್ಚು ಮಾಡುವವರು ಮೇ ತಿಂಗಳಲ್ಲಿ ಚಿನ್ನ ತೆಗೆದುಕೊಂಡು ಬ್ಯಾಂಕಿಗೆ ಹೋಗುತ್ತಾರೆ. ಅವರನ್ನು ದುಂದುಗಾರರು ಎಂದು ಬೈಯುವುದು ಸುಲಭ, ಆದರೆ ಅವರಲ್ಲಿ ಹೆಚ್ಚಿನವರು ದುಂದುಗಾರರೇ ಅಲ್ಲ.

ನಮಗೆ ಇನ್ನೊಂದು ತೊಡಕು ಉಂಟು. ನಮ್ಮ ಹಬ್ಬಗಳು ಚಂದ್ರನ ಲೆಕ್ಕದಲ್ಲಿ ಬರುತ್ತವೆ, ಸಂಬಳ ಮತ್ತು ಶಾಲೆ ಸೂರ್ಯನ ಲೆಕ್ಕದಲ್ಲಿ. ಪ್ರತಿ ವರ್ಷ ರಮಳಾನ್, ಬಕ್ರೀದ್ ಸುಮಾರು ಹನ್ನೊಂದು ದಿನ ಮುಂಚೆ ಬರುತ್ತವೆ. 2025ರಲ್ಲಿ ಬಕ್ರೀದ್ ಬಂದದ್ದು ಜೂನ್ ಮೊದಲ ವಾರದಲ್ಲಿ, ಶಾಲೆ ಶುರುವಾಗುವ ಹೊತ್ತಿಗೇ. ಫೀಸು, ಛತ್ರಿ, ಹೊಸ ಬಟ್ಟೆ, ಉಳ್‌ಹಿಯ್ಯತ್ ಎಲ್ಲವೂ ಒಟ್ಟಿಗೆ. ಅದೇ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ವ್ಯಾಪಾರವನ್ನು, ಬಂದರಿನ ಕೂಲಿಯನ್ನು ನಂಬಿದ ನಮ್ಮ ಎಷ್ಟೋ ಮನೆಗಳಿಗೆ ಆ 61 ದಿನ ಆದಾಯ ಅರ್ಧಕ್ಕೂ ಕಡಿಮೆ. ಅಂಥವರು ಸಂಬಳದಾರರ ಹಾಗೆ ತಿಂಗಳ ಲೆಕ್ಕ ಹಾಕಿದರೆ ಆಗುವುದಿಲ್ಲ. ಹತ್ತು ತಿಂಗಳ ದುಡಿಮೆಯನ್ನು ಹನ್ನೆರಡು ತಿಂಗಳಿಗೆ ಹಂಚಬೇಕು. ಇದು ಮೀನಿನವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ, ಹಿಂದಿನವರು ಮಳೆಗಾಲಕ್ಕೆ ಅಕ್ಕಿ, ಒಣಮೀನು, ಸೌದೆ ಕೂಡಿಡುತ್ತಿದ್ದದ್ದು ಇದೇ ಲೆಕ್ಕ. ಬೀಡಿ ಕಟ್ಟುತ್ತಿದ್ದ ನಮ್ಮ ಉಮ್ಮಂದಿರು ಬ್ರಾಂಚಿನಿಂದ ಮಜೂರಿ ಸಿಕ್ಕಿದ ದಿನವೇ ಒಂದು ಪಾಲನ್ನು ಅಕ್ಕಿ ಡಬ್ಬಿಯ ಅಡಿಯಲ್ಲಿ ಇಡುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿಗೆ ಓದು ಬರಹ ಬರುತ್ತಿರಲಿಲ್ಲ, ಬಜೆಟ್ ಮಾತ್ರ ಬರುತ್ತಿತ್ತು.

ಈಗ ಅಕ್ಕಿ ಡಬ್ಬಿಯ ಜಾಗಕ್ಕೆ ಬ್ಯಾಂಕ್ ಖಾತೆ ಬಂದಿದೆ, ವ್ಯತ್ಯಾಸ ಅಷ್ಟೇ. ಹಣ ಬಂದ ದಿನ ಮೊದಲು ವರ್ಷದ ಖರ್ಚಿನ ಪಾಲನ್ನು ಬೇರೆ ಖಾತೆಗೆ ಹಾಕಿ. ಆ ಖಾತೆಗೆ ಗೂಗಲ್ ಪೇ, ಫೋನ್ ಪೇ ಜೋಡಿಸಬೇಡಿ. ಬಾಡಿಗೆ, ಕರೆಂಟು, ಮದ್ರಸದ ವಂತಿಗೆ, ಸಾಲದ ಕಂತು ಇಂಥದ್ದನ್ನು ಅದೇ ವಾರ ಕಟ್ಟಿ ಮುಗಿಸಿ. ಉಳಿದದ್ದನ್ನು ನಾಲ್ಕು ಭಾಗ ಮಾಡಿ, ವಾರಕ್ಕೆ ಒಂದು ಭಾಗ. ಆ ಹಣದಲ್ಲಿ ಮೀನು ತನ್ನಿ, ಕೋಳಿ ತನ್ನಿ, ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಿ, ಯಾವುದನ್ನೂ ಬರೆಯಬೇಡಿ. ವಾರದ ಹಣ ವಾರಕ್ಕೆ ಮುಗಿದರೆ ಮುಗಿಯಿತು. ಗೃಹಲಕ್ಷ್ಮಿಯ 2,000 ಬರುವ ಮನೆಗಳಲ್ಲಿ ಅದನ್ನು ವರ್ಷದ ಖಾತೆಗೇ ಬಿಡುವುದು ಒಳ್ಳೆಯದು, ಅದು ತಾರೀಖಿಗೆ ಸರಿಯಾಗಿ ಬರುವ ಹಣ ಅಲ್ಲ.

ಅಡವಿಟ್ಟ ಚಿನ್ನದ ಬಗ್ಗೆ ಸ್ವಲ್ಪ ನೇರವಾಗಿ ಮಾತಾಡಬೇಕು. ಬಡ್ಡಿ ಹರಾಮ್ ಎಂದು ನಾವು ಮಿಂಬರಿನಿಂದ ಹೇಳುತ್ತೇವೆ, ಕೇಳುವವರ ಮನೆಯ ಕಪಾಟಿನಲ್ಲಿ ಅಡವಿನ ಚೀಟಿ ಇರುತ್ತದೆ. ಅದು ಎಲ್ಲರಿಗೂ ಗೊತ್ತುಂಟು. ದೀನಿನ ಮಾತು ಹಾಗಿರಲಿ, ಲೆಕ್ಕದ ಮಾತನ್ನೇ ನೋಡಿ. ವರ್ಷಕ್ಕೆ ನೂರಕ್ಕೆ 12ರ ಹಾಗೆ ಒಂದು ಲಕ್ಷ ತಂದು, ಪ್ರತಿ ವರ್ಷ ಬಡ್ಡಿ ಮಾತ್ರ ಕಟ್ಟಿ ಚೀಟಿ ಬದಲಾಯಿಸುತ್ತಾ ಹೋದರೆ ಮೂರು ವರ್ಷದಲ್ಲಿ 36,000 ಹೋಯಿತು, ಒಂದು ಲಕ್ಷ ಹಾಗೆಯೇ ಉಳಿಯಿತು, ಬಳೆ ಬ್ಯಾಂಕಿನಲ್ಲೇ ಉಂಟು. ಆ ಬಳೆ ಹೆಂಡತಿಯದ್ದು, ಕೆಲವೊಮ್ಮೆ ಮಹರಿನದ್ದೇ. ಅಡವು ಎಷ್ಟು, ಬಿಡಿಸುವ ತಾರೀಖು ಯಾವುದು ಎಂದು ಹಾಳೆಯಲ್ಲಿ ಅವಳ ಕಣ್ಣೆದುರು ಬರೆದಿಡಬೇಕು. ಬಿಡಿಸಲಿಕ್ಕೆ ಸಾಧ್ಯವೇ ಇಲ್ಲವಾದರೆ ಅವಳನ್ನು ಕೇಳಿ ಮಾರಿ ಸಾಲ ತೀರಿಸುವುದು ಎಷ್ಟೋ ಮೇಲು. ಕೆಲವು ಜಮಾಅತ್‌ಗಳಲ್ಲಿ ಬಡ್ಡಿ ಇಲ್ಲದ ಸಾಲದ ನಿಧಿ ಉಂಟು. ಇಲ್ಲದ ಕಡೆ ಕಮಿಟಿಯವರು ಯೋಚಿಸಲಿ. ಗೇಟಿಗೆ ಗ್ರಾನೈಟ್ ಹಾಕುವುದು ಮುಂದಿನ ವರ್ಷಕ್ಕೂ ಆಗುತ್ತದೆ.

ಕುರ್‌ಆನಿನ ಅತ್ಯಂತ ದೀರ್ಘ ಆಯತ್ ಸೂರಃ ಅಲ್‌ಬಖರದ 282ನೆಯದು. ಅದರ ವಿಷಯ ಸಾಲವನ್ನು ಬರೆದಿಡುವುದು, ಸಣ್ಣದಾದರೂ ದೊಡ್ಡದಾದರೂ. ಆದರೆ ನಮ್ಮಲ್ಲಿ ಭಾವ ಭಾವನಿಗೆ ಕೊಟ್ಟ ಎರಡು ಲಕ್ಷಕ್ಕೆ ಒಂದು ಗೆರೆ ಬರಹ ಇರುವುದಿಲ್ಲ. ‘ಬರೆದರೆ ಬೇಸರ ಮಾಡಿಕೊಳ್ಳುತ್ತಾರೆ’ ಎಂದು ಸುಮ್ಮನಿರುತ್ತಾರೆ. ಬರೆಯದೆ ಐದು ವರ್ಷ ಆದ ಮೇಲೆ ಆಗುವ ಬೇಸರ ಮಯ್ಯಿತ್ ಮನೆಯ ಅಂಗಳದವರೆಗೂ ಬರುವುದನ್ನು ನಾವು ನೋಡಿದ್ದೇವೆ. ಝಕಾತಿನ ಕಥೆಯೂ ಇದೇ. ಕೈಯಲ್ಲಿ ಎಷ್ಟುಂಟು, ಅಂಗಡಿಯಲ್ಲಿ ಎಷ್ಟು ಮಾಲು ಉಂಟು ಎಂದು ಗೊತ್ತಿಲ್ಲದವನು ನಲವತ್ತರಲ್ಲಿ ಒಂದು ಪಾಲು ತೆಗೆಯುವುದು ಯಾವುದರಿಂದ? ರಮಳಾನಿನಲ್ಲಿ ಅಂದಾಜಿಗೆ ನೋಟು ಹಂಚುತ್ತಾನೆ.

ಕೊನೆಗೆ ಗಲ್ಫಿನ ಮನೆಗಳ ವಿಷಯ. ಜುಬೈಲಿನಲ್ಲೋ ದುಬೈಯಲ್ಲೋ ಇಪ್ಪತ್ತು ವರ್ಷ ದುಡಿದು ಬಂದವರು, ‘ಕಳಿಸಿದ್ದೆಲ್ಲ ಎಲ್ಲಿ ಹೋಯಿತು?’ ಎಂದು ಹೆಂಡತಿಯನ್ನು ಕೇಳುವ ಮನೆಗಳು ನಮ್ಮ ಮೊಹಲ್ಲಾಗಳಲ್ಲಿ ಉಂಟು. ಹೆಂಡತಿ ಕದ್ದದ್ದಲ್ಲ. ಮನೆ ಕಟ್ಟಿತು, ತಂಗಿಯರ ಮದುವೆ ಆಯಿತು, ಉಪ್ಪನ ಆಸ್ಪತ್ರೆ ಬಿಲ್ಲು ಕಟ್ಟಿತು, ಎಲ್ಲವೂ ಅವನೇ ಫೋನಿನಲ್ಲಿ ಒಪ್ಪಿದ್ದು. ಲೆಕ್ಕ ಒಂದು ಕಡೆ ಇರಲಿಲ್ಲ, ಅಷ್ಟೇ. ಪ್ರತಿ ತಿಂಗಳು ಆ ಒಂದು ಹಾಳೆಯ ಫೋಟೋವನ್ನು ಗಂಡನಿಗೆ ವಾಟ್ಸಾಪ್ ಮಾಡಿ. ಗಂಡನೂ ರೂಮಿನ ಬಾಡಿಗೆ, ಮೆಸ್ಸಿನ ಖರ್ಚು, ಅಲ್ಲಿ ಮಾಡಿದ ಸಾಲ ಬರೆದು ಇಲ್ಲಿಗೊಂದು ಫೋಟೋ ಕಳಿಸಲಿ. ಅಲ್ಲಿನ ಸಾಲದ ಸುದ್ದಿ ಬೇರೆಯವರ ಬಾಯಿಂದ ಕೇಳಿ ತಿಳಿಯುವ ಸ್ಥಿತಿ ಮನೆಯವರಿಗೆ ಬರಬಾರದು. ರಜೆಯಲ್ಲಿ ಬಂದಾಗ ಎರಡು ಹಾಳೆಯನ್ನೂ ಒಟ್ಟಿಗೆ ಇಟ್ಟು ನೋಡಿ, ಇನ್ನೆಷ್ಟು ವರ್ಷ ಅಲ್ಲಿರಬೇಕು ಎಂಬುದನ್ನು ಇಬ್ಬರೂ ಸೇರಿ ತೀರ್ಮಾನಿಸಬಹುದು.