ಮೃತ್ಯುಕಣಿವೆಯ ಬದುಕು

ಹೆಸರನ್ನು ಕೇಳಿದೊಡನೆಯೇ ಒಂದು ನೆಲದ ವಿಷಯದಲ್ಲಿ ತೀರ್ಪು ಕೊಟ್ಟುಬಿಡುವುದು ನಮ್ಮೆಲ್ಲರಲ್ಲಿಯೂ ಇರುವ ದೋಷ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿರುವ 'ಡೆತ್ ವ್ಯಾಲಿ', ಎಂದರೆ ಮೃತ್ಯುಕಣಿವೆ, ಇದಕ್ಕೊಂದು ನಿದರ್ಶನ. 1849ರ ಚಳಿಗಾಲದಲ್ಲಿ ಚಿನ್ನವನ್ನರಸಿ ಹೊರಟ ತಂಡವೊಂದು ದಾರಿ ತಪ್ಪಿ ಅಲ್ಲಿ ಸಿಲುಕಿತು. ಕಣಿವೆಯೊಳಗೆ ಅವರಲ್ಲಿ ತೀರಿಕೊಂಡವನು ಒಬ್ಬನೇ ಎಂದು ತಿಳಿದುಬರುತ್ತದೆ. ಆದರೂ ಅವರ ಭಯವೇ ಆ ನೆಲಕ್ಕೆ ಹೆಸರಾಗಿ ಉಳಿಯಿತು.

ನೆಲ ಕಠಿಣವಾದುದೆಂಬುದರಲ್ಲಿ ಸಂದೇಹವಿಲ್ಲ. ಅದರ ಅತ್ಯಂತ ತಗ್ಗಾದ ಭಾಗ ಸಮುದ್ರಮಟ್ಟಕ್ಕಿಂತ 86 ಮೀಟರು ಕೆಳಗಿದೆ. ಸುತ್ತಲಿನ ಎತ್ತರದ ಬೆಟ್ಟಗಳ ನಡುವೆ ಕಾದ ಗಾಳಿ ಹೊರಹೋಗದೆ ಸುತ್ತುತ್ತದೆ. 1913ರ ಜುಲೈ 10ರಂದು ಅಲ್ಲಿ ಅಳೆದ 56.7 ಡಿಗ್ರಿ ಸೆಲ್ಸಿಯಸ್ ತಾಪವೇ ಇಂದಿಗೂ ಅಧಿಕೃತ ವಿಶ್ವದಾಖಲೆ. ಪೆಸಿಫಿಕ್ ಸಾಗರದ ಮೋಡಗಳು ಪಶ್ಚಿಮದ ಪರ್ವತಶ್ರೇಣಿಗಳ ಮೇಲೆಯೇ ಬರಿದಾಗುವುದರಿಂದ ಕಣಿವೆಗೆ ದಕ್ಕುವ ಮಳೆ ವರ್ಷಕ್ಕೆ ಸುಮಾರು 2 ಅಂಗುಲ. ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಾಳುವ ನಮ್ಮ ಬಯಲುಸೀಮೆಯ ಬಂಧುಗಳಿಗೆ ಈ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ಕಡೆಯಲ್ಲಿಯೂ, ಕಣಿವೆ ಮತ್ತು ಸುತ್ತಲಿನ ಬೆಟ್ಟಗಳನ್ನೊಳಗೊಂಡ ರಾಷ್ಟ್ರೀಯ ಉದ್ಯಾನದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಸಸ್ಯಗಳಿವೆ. ಕ್ರಿಯೊಸೋಟ್ ಎಂಬ ಪೊದೆ ತನ್ನ ಕಿರಿದಾದ ಎಲೆಗಳಿಗೆ ಅಂಟಿನ ಲೇಪ ಹಚ್ಚಿಕೊಂಡು ನೀರು ಆರಿಹೋಗದಂತೆ ಕಾಯುತ್ತದೆ. ಇನ್ನೊಂದು ಗಿಡದ ಎಲೆಗಳು ಬೆಳ್ಳಗಿದ್ದು ಬಿಸಿಲನ್ನು ಹಿಂದಿರುಗಿಸುತ್ತವೆ. ಎಲ್ಲಕ್ಕಿಂತ ಸೋಜಿಗವೆಂದರೆ ಹೂಗಿಡಗಳ ಬೀಜಗಳು. ಅವು ಒಂದು ತುಂತುರಿಗೆ ಮರುಳಾಗಿ ಮೊಳೆಯುವುದಿಲ್ಲ. ಮೊಳಕೆಯನ್ನು ತಡೆಯುವ ಹೊರಲೇಪ ತೊಳೆದುಹೋಗುವಷ್ಟು ಮಳೆ ಬೀಳುವತನಕ ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುತ್ತವೆ. 2005ರಲ್ಲಿ ಮತ್ತು 2016ರಲ್ಲಿ ಆ ಹದ ಒದಗಿದಾಗ ಬರಡು ನೆಲವೆಲ್ಲ ಹಳದಿ ಹೂಗಳಿಂದ ತುಂಬಿತು.

ಈ ಕಣಿವೆಯನ್ನು ಮನೆಯೆಂದು ಕರೆಯುವ ಜನರೂ ಉಂಟು. ಅವರು ಟಿಂಬಿಶಾ ಶೊಶೋನಿ ಬುಡಕಟ್ಟಿನವರು. ಮೆಸ್ಕೀಟ್ ಮರದ ಸಿಹಿಗಾಯಿಯನ್ನು ಕುಟ್ಟಿ ಹಿಟ್ಟು ಮಾಡುವುದು ಅವರ ಹಿರಿಯರ ಪದ್ಧತಿ. ನಮ್ಮಲ್ಲಿ ಹೊಲಗಳಿಗೆ ನುಗ್ಗಿ ಬೈಗುಳಕ್ಕೆ ಗುರಿಯಾಗಿರುವ ಬಳ್ಳಾರಿ ಜಾಲಿಯೂ ಅದೇ ಕುಲದ್ದು. ಬುಡದ ಮರಳನ್ನು ಸರಿಸಿ, ಒಣಕೊಂಬೆಗಳನ್ನು ತೆಗೆದು ಅವರು ಆ ತೋಪುಗಳನ್ನು ಕಾಪಾಡುತ್ತಿದ್ದರು. 1933ರಲ್ಲಿ ಕಣಿವೆ ಸರ್ಕಾರದ ರಕ್ಷಿತ ಪ್ರದೇಶವಾದ ಮೇಲೆ ಈ ಆರೈಕೆಗೆ ಅಡ್ಡಿಯಾಯಿತು. ಕೊನೆಗೆ 2000ದಲ್ಲಿ ಕಾನೂನೊಂದು ಅವರ ನೆಲದ ಒಂದು ಪಾಲನ್ನು ಹಿಂದಿರುಗಿಸಿತು.

ತಾಳ್ಮೆಗೂ ಒಂದು ಮಿತಿಯುಂಟೆಂಬುದನ್ನು ನಾವು ಮರೆಯಲಾಗದು. 2024ರ ಜುಲೈ ಅಲ್ಲಿ ದಾಖಲಾದ ಅತ್ಯಂತ ಬಿಸಿಯಾದ ತಿಂಗಳು. ಕಣಿವೆಯ ಪಶ್ಚಿಮಕ್ಕಿರುವ ಟೆಲಿಸ್ಕೋಪ್ ಶಿಖರದಲ್ಲಿ ಸಾವಿರಾರು ವರ್ಷ ಬದುಕಬಲ್ಲ ಬ್ರಿಸಲ್‌ಕೋನ್ ಪೈನ್ ಮರಗಳು ಬರಗಾಲಕ್ಕೂ ತೊಗಟೆ ಕೊರೆಯುವ ಕೀಟಕ್ಕೂ ಸಿಕ್ಕಿ ಸಾಯುತ್ತಿವೆ. ಅಂದು ದಾರಿ ತಪ್ಪಿದವರು ಅವಸರದಲ್ಲಿ ಕೊಟ್ಟ ಹೆಸರು ತಪ್ಪಾಗಿತ್ತು. ದಾರಿ ಬಲ್ಲ ಇಂದಿನವರ ಉದಾಸೀನದಿಂದ ಅದು ನಿಜವಾಗದಿರಲಿ ಎಂಬುದೇ ನಮ್ಮ ಹಾರೈಕೆ.